ಸ್ಕಾಟ್ಲೆಂಡ್‌ನ ಹಳೇ ಎಡಿನ್‌ಬರಾ ಟೌನ್ ಕೌನ್ಸಿಲ್ (ಊರಿನ ಆಡಳಿತ ಮಂಡಳಿ) ಸೇತುವೆ, ಬಂದರು ಕಟ್ಟೋಕೆ ದುಡ್ಡು ಎಲ್ಲಿಂದ ತರ್ತಿತ್ತು?

ಮುಖ್ಯವಾಗಿ ಊರಿನ ಸ್ವಂತ ಆಸ್ತಿ, ಸಂತೆ ಸುಂಕ, ಬಿಯರ್ ಮೇಲಿನ ತೆರಿಗೆಯಿಂದ, ಅದೂ ಸಾಲದಿದ್ದಾಗ ಸಾಲ ಮಾಡಿ.

ಊರಿನ ಜಮೀನು, ಮಾರ್ಕೆಟ್, ಲೀತ್ ಬಂದರು ಇವುಗಳ ಆದಾಯಕ್ಕೆ 'ಕಾಮನ್ ಗುಡ್' ಅಂತಿದ್ರು, ಅಂದ್ರೆ ಊರೊಟ್ಟಿನ ದುಡ್ಡು, 1491ರ ಕಾಯ್ದೆ ಪ್ರಕಾರ ಅದನ್ನ ಊರಿನ ಒಳಿತಿಗೇ ಖರ್ಚು ಮಾಡ್ಬೇಕಿತ್ತು. ಸುಂಕ ವಸೂಲಿನ ಸಾಮಾನ್ಯವಾಗಿ ಹರಾಜು ಹಾಕ್ತಿದ್ರು, ಜಾಸ್ತಿ ಕೂಗಿದವನು ಕೌನ್ಸಿಲ್‌ಗೆ ಇಷ್ಟು ಅಂತ ಕಟ್ಟಿದ್ರೆ ಮೇಲೆ ಬಂದಿದ್ದೆಲ್ಲ ಅವನ ಜೇಬಿಗೆ. 1693ರಿಂದ ಏಲ್ ಅನ್ನೋ ಬಿಯರ್‌ಗೆ ಪಿಂಟ್ ಅನ್ನೋ ಅಳತೆಗೆ 2 ಸ್ಕಾಟ್ಸ್ ಪೆನ್ನಿ (ಸ್ಕಾಟ್ಲೆಂಡ್‌ನ ಚಿಲ್ಲರೆ ನಾಣ್ಯ) ತೆರಿಗೆ ಬೇರೆ, ಕುಡಿದವರ ದುಡ್ಡಲ್ಲೇ ಊರು ನಡೀತು ಅನ್ನಿ!

ದೊಡ್ಡ ಐಡಿಯಾ ಅಂದ್ರೆ ನ್ಯೂ ಟೌನ್ ಅನ್ನೋ ಹೊಸ ಬಡಾವಣೆ. ಹಳೇ ಊರಿನ ಉತ್ತರಕ್ಕಿದ್ದ ಖಾಲಿ ಜಾಗ ತಗೊಂಡು, ಅಲ್ಲಿಗೆ ಹೋಗೋಕೆ ನಾರ್ತ್ ಬ್ರಿಡ್ಜ್ ಶುರು ಮಾಡಿ (1769ರಲ್ಲಿ ಅರ್ಧಕ್ಕೇ ಒಂದು ಭಾಗ ಕುಸಿದು 5 ಜನ ಸತ್ರು, 1772ರಲ್ಲಿ ಓಪನ್ ಆಯ್ತು), ಸೈಟ್‌ಗಳನ್ನ 'ಫ್ಯೂ' ಪದ್ಧತೀಲಿ ಕೊಟ್ರು, ಅಂದ್ರೆ ಜಾಗ ನಿಮ್ದೇ, ಆದ್ರೆ ವರ್ಷವರ್ಷ ಒಂದು ಫಿಕ್ಸೆಡ್ ಮೊತ್ತ ಕೌನ್ಸಿಲ್‌ಗೆ ಕಟ್ತಾನೇ ಇರ್ಬೇಕು.

ಎಡವಟ್ಟಾಗಿದ್ದು ಲೆಕ್ಕ ಕೇಳೋರು ಇಲ್ದೇ. 1469ರ ಕಾಯ್ದೆಯಿಂದ ಹಳೇ ಕೌನ್ಸಿಲ್ಲೇ ಹೊಸ ಕೌನ್ಸಿಲ್‌ನ ಆರಿಸ್ತಿತ್ತು, ಜನರಿಗೆ ಓಟೇ ಇಲ್ಲ. 1800ರಿಂದ ಲೀತ್‌ನಲ್ಲಿ ಹೊಸ ಡಾಕ್ (ಹಡಗು ನಿಲ್ಲೋ ಜಾಗ) ಕಟ್ಟೋಕೆ ಸಾಲದ ಮೇಲೆ ಸಾಲ ತಂದ್ರು, ಆದಾಯ ಅಷ್ಟು ಬರ್ಲಿಲ್ಲ, 1833ರಲ್ಲಿ ಎಡಿನ್‌ಬರಾ ಪಾಪರ್. ಅದೇ ವರ್ಷ ಸ್ಕಾಟ್ಲೆಂಡ್‌ನ ಊರುಗಳ ಕೌನ್ಸಿಲ್‌ಗೆ ಚುನಾವಣೆ ತರೋ ಕಾಯ್ದೆನೂ ಪಾಸಾಯ್ತು, ಆದ್ರೆ ಓಟು ಸ್ವಲ್ಪ ಆಸ್ತಿ ಇದ್ದೋರಿಗೆ ಮಾತ್ರ.