250 ಪ್ರಾಬ್ಲಮ್ ಮುಗಿಸಿದ್ದೀರಿ, ಒಂದನ್ನಾದರೂ ಬಾಯಿಬಿಟ್ಟು ಮಾಡಿದ್ದೀರಾ?

ಸರ್ವೀಸ್ ಕಂಪನಿಯಲ್ಲಿ (ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಕಂಪನಿ) ಮೂರು ವರ್ಷದಿಂದ ಸಪೋರ್ಟ್ ಪ್ರಾಜೆಕ್ಟ್, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಕೋಡಿಂಗ್ ಅಭ್ಯಾಸದ ವೆಬ್‌ಸೈಟ್ ಲೀಟ್‌ಕೋಡ್‌ನಲ್ಲಿ 250 ಪ್ರಾಬ್ಲಮ್ ಆಗಿದೆ, ಆದರೂ ಪ್ರಾಡಕ್ಟ್ ಕಂಪನಿಗಳ (ತಮ್ಮದೇ ಸಾಫ್ಟ್‌ವೇರ್ ಮಾಡುವವು) ಮೊದಲ ಕೋಡಿಂಗ್ ರೌಂಡ್‌ನಲ್ಲೇ ಹೊರಗೆ ಬೀಳುತ್ತಿದ್ದೇನೆ ಎಂದು ಬರೆದಿದ್ದೀರಿ. ಇನ್ನೂ 300 ಮಾಡಲಾ, ಕೆಲಸ ಬಿಟ್ಟು ಕೂತು ಓದಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ನಾನೂ ಇದೇ ದಾರಿಯಲ್ಲಿ ಬಂದವನು. ಅರಸೀಕೆರೆ ಹತ್ತಿರದ ಊರು, ಕನ್ನಡ ಮೀಡಿಯಂ, ವಿಟಿಯು ಕಾಲೇಜು, ನಾಲ್ಕು ವರ್ಷ ಸರ್ವೀಸ್ ಕಂಪನಿ. ಈಗ ಮೇಜಿನ ಆಚೆ ಬದಿಯಲ್ಲೂ ಕೂರುತ್ತೇನೆ, ವಾರಕ್ಕೆ ಒಂದೆರಡು ಇಂಟರ್‌ವ್ಯೂ ತೆಗೆದುಕೊಳ್ಳುತ್ತೇನೆ. ಹಾಗಾಗಿ ಎರಡೂ ಕಡೆಯ ಮಾತು ಹೇಳಬಲ್ಲೆ.

ನನ್ನ ಮೊದಲ ದೊಡ್ಡ ಇಂಟರ್‌ವ್ಯೂ ಹೀಗೆ ಆಯಿತು. ಕಂಪನಿ ಹೆಸರು ಬೇಡ. ಕೇಳಿದ ಪ್ರಶ್ನೆಯನ್ನು ಎರಡು ವಾರದ ಹಿಂದಷ್ಟೇ ಮಾಡಿದ್ದೆ. ಒಳಗೊಳಗೇ ಖುಷಿ. ತಲೆ ಬಗ್ಗಿಸಿ ಟೈಪ್ ಮಾಡತೊಡಗಿದೆ. ಹದಿನೈದು ನಿಮಿಷ ನನ್ನ ಕಡೆಯಿಂದ ಕೀಬೋರ್ಡ್ ಸದ್ದು ಬಿಟ್ಟರೆ ಏನಿಲ್ಲ. ಆ ಕಡೆಯವರು ಎರಡು ಸಲ ಏನು ಯೋಚನೆ ಮಾಡುತ್ತಿದ್ದೀರಿ ಎಂದು ಕೇಳಿದರು. ಎರಡು ಸಲವೂ 'ಒನ್ ಮಿನಿಟ್ ಸರ್' ಅಂದೆ. ಕೋಡ್ ಸರಿಯಾಗಿಯೇ ಓಡಿತು. ಆಮೇಲೆ ಅವರು ಈ ದಾರಿಯನ್ನೇ ಯಾಕೆ ಹಿಡಿದಿರಿ, ಮೆಮೊರಿ ಕಡಿಮೆ ಇದ್ದರೆ ಏನು ಮಾಡುತ್ತಿದ್ದಿರಿ ಎಂದರು. ನನಗೆ ಬಾಯಿ ಕಟ್ಟಿತು. ಉತ್ತರ ತಲೆಯಲ್ಲಿತ್ತು, ಆದರೆ ಅದನ್ನು ಒಂದು ಸಲವೂ ಬಾಯಿಂದ ಹೊರಗೆ ತಂದವನಲ್ಲ. ಎರಡು ದಿನದಲ್ಲಿ ರಿಜೆಕ್ಟ್ ಮೇಲ್ ಬಂತು.

ಒಂದು ವರ್ಷ ಇಂಗ್ಲಿಷನ್ನೇ ಬೈದುಕೊಂಡೆ. ಆಮೇಲೆ ನಾನೇ ಇಂಟರ್‌ವ್ಯೂ ತೆಗೆದುಕೊಳ್ಳಲು ಶುರು ಮಾಡಿದಾಗ ನೋಡಿದರೆ, ಎಲ್‌ಕೆಜಿಯಿಂದ ಇಂಗ್ಲಿಷ್‌ನಲ್ಲಿ ಓದಿದವರೂ ಥೇಟ್ ಹೀಗೇ ಬೀಳುತ್ತಾರೆ. ಪಟಪಟ ಮಾತಾಡಿಕೊಂಡು ಬರುತ್ತಾರೆ, ಪ್ರಶ್ನೆ ಕೊಟ್ಟ ತಕ್ಷಣ ಮೌನ. ಹಾಗಾಗಿ ಭಾಷೆ ಅರ್ಧ ಸಮಸ್ಯೆಯೂ ಅಲ್ಲ. ಯೋಚನೆ ಮಾಡುತ್ತಲೇ ಮಾತಾಡುವುದು ಬೇರೆಯೇ ಒಂದು ಕೆಲಸ. ಅದನ್ನು ಯಾರೂ ಅಭ್ಯಾಸ ಮಾಡಿರುವುದಿಲ್ಲ.

ನನಗೆ ಅದನ್ನು ಕಲಿಸಿದ್ದು ಮಾರತ್ತಹಳ್ಳಿ ಪಿಜಿಯ ರೂಮ್‌ಮೇಟ್. ಅವನು ಬಿ.ಕಾಂ., ಆಡಿಟರ್ ಆಫೀಸಿನಲ್ಲಿ ಕೆಲಸ, ಕೋಡಿಂಗ್ ಗಂಧಗಾಳಿ ಇಲ್ಲ. ರಾತ್ರಿ ಊಟ ಆದ ಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅವನಿಗೆ ಒಂದು ಪ್ರಾಬ್ಲಮ್ ವಿವರಿಸುತ್ತಿದ್ದೆ. ಮೊದಲು ಕನ್ನಡದಲ್ಲಿ. ಅವನಿಗೆ ಅರ್ಥವಾದರೆ ಅದನ್ನೇ ಇಂಗ್ಲಿಷ್‌ನಲ್ಲಿ ಇನ್ನೊಂದು ಸಲ. ಕನ್ನಡದಲ್ಲೇ ತಡವರಿಸಿದರೆ ನನಗೇ ಅರ್ಥವಾಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಕಂಠಪಾಠ ಮಾಡಿದ ಉತ್ತರ ಎರಡನೇ 'ಯಾಕೆ'ಗೆ ನಿಲ್ಲುವುದಿಲ್ಲ, ಮತ್ತೆ ಆಡಿಟರ್ ಆಫೀಸಿನವನು 'ಯಾಕೆ' ಕೇಳದೆ ಬಿಡುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಟೂ ಸಮ್ ಪ್ರಾಬ್ಲಮ್ ತಗೊಳ್ಳಿ. 3, 8, 5, 2, 7 ಎಂಬ ಸಂಖ್ಯೆಗಳಿವೆ, ಕೂಡಿದರೆ 10 ಬರುವ ಒಂದು ಜೋಡಿ ಹುಡುಕಬೇಕು. ನೀವು ಕೂಡಲೇ ಹ್ಯಾಷ್ ಮ್ಯಾಪ್ ಅಂತ ಬರೆದುಬಿಡುತ್ತೀರಿ. ನಾನು ಆಚೆ ಕೂತಿದ್ದರೆ ನನಗೆ ಏನೂ ಗೊತ್ತಾಗಲಿಲ್ಲ. ಉರು ಹೊಡೆದಿದ್ದಾ, ಯೋಚಿಸಿದ್ದಾ?

ಅದರ ಬದಲು ಹೀಗೆ ಶುರು ಮಾಡಿ. ಮೊದಲು ಪ್ರಶ್ನೆ ಕೇಳಿ. ಒಂದೇ ಸಂಖ್ಯೆ ಎರಡು ಸಲ ಬರಬಹುದಾ? ಮೈನಸ್ ಸಂಖ್ಯೆ ಇರುತ್ತಾ? ಉತ್ತರ ಇಲ್ಲದಿದ್ದರೆ ಏನು ವಾಪಸ್ ಕೊಡಲಿ? ಎಷ್ಟು ಸಂಖ್ಯೆ ಇರಬಹುದು? ಕೊನೆಯದಕ್ಕೆ ಒಂದು ಲಕ್ಷ ಎಂದು ಉತ್ತರ ಬಂತು ಅಂದುಕೊಳ್ಳಿ. ಆಗ ಜೋರಾಗಿ ಲೆಕ್ಕ ಹಾಕಿ: ಎಲ್ಲ ಜೋಡಿ ನೋಡಿದರೆ ಸುಮಾರು 500 ಕೋಟಿ ಜೋಡಿ. ಸೆಕೆಂಡಿಗೆ ಹತ್ತು ಕೋಟಿ ಸಣ್ಣ ಕೆಲಸ ಎಂಬ ಒರಟು ಲೆಕ್ಕ ಹಿಡಿದರೂ 50 ಸೆಕೆಂಡು ಬೇಕು. ಆಗುವುದಿಲ್ಲ. ಹಾಗಾದರೆ ಒಂದೇ ಸಲ ದಾಟಿಕೊಂಡು ಹೋಗುವ ದಾರಿ ಬೇಕು.

ಈಗ ಕೈಯಲ್ಲೊಂದು ನೋಟ್‌ಬುಕ್ ಇದೆ ಅಂದುಕೊಳ್ಳಿ. ಹ್ಯಾಷ್ ಮ್ಯಾಪ್ ಅಂದರೆ ಇದೇ, ಬರೆದಿಟ್ಟದ್ದನ್ನು ತಕ್ಷಣ ಹುಡುಕಿಕೊಡುವ ನೋಟ್‌ಬುಕ್. 3 ಬಂತು, 7 ಬೇಕು, ನೋಟ್‌ಬುಕ್‌ನಲ್ಲಿ ಇಲ್ಲ, 3 ಬರೆದುಕೊಂಡೆ. 8 ಬಂತು, 2 ಬೇಕು, ಇಲ್ಲ, 8 ಬರೆದುಕೊಂಡೆ. 5 ಬಂತು, ಇನ್ನೊಂದು 5 ಬೇಕು. ಇಲ್ಲಿ ಒಂದು ನಿಮಿಷ ನಿಲ್ಲಿ. ಮೊದಲು ಬರೆದು ಆಮೇಲೆ ಹುಡುಕಿದರೆ ಈಗಷ್ಟೇ ಬರೆದ 5 ತನಗೆ ತಾನೇ ಜೋಡಿಯಾಗಿಬಿಡುತ್ತದೆ, ತಪ್ಪು ಉತ್ತರ. ಹುಡುಕಿ ಆಮೇಲೆ ಬರೆದರೆ ಬಚಾವ್. ಮುಂದೆ 2 ಬಂತು, 8 ಬೇಕು, ನೋಟ್‌ಬುಕ್‌ನಲ್ಲಿ ಇದೆ, ಮುಗೀತು.

ಆ 5ರ ಹತ್ತಿರ ನಿಂತು ನೀವು ಹೇಳುವ ಎರಡು ವಾಕ್ಯಕ್ಕೆ ನನ್ನ ಹತ್ತಿರ ಪೂರ್ತಿ ಕೋಡ್‌ಗಿಂತ ಜಾಸ್ತಿ ಬೆಲೆ ಇದೆ. ಇಂಟರ್‌ವ್ಯೂ ಮುಗಿದ ಮೇಲೆ ನಾನು ಫೀಡ್‌ಬ್ಯಾಕ್ ಬರೆಯಬೇಕು. 'ಕೋಡ್ ಸರಿ ಇದೆ' ಎಂಬ ಒಂದೇ ಸಾಲು ಬರೆದರೆ ಮೀಟಿಂಗ್‌ನಲ್ಲಿ ಯಾರೂ ಒಪ್ಪುವುದಿಲ್ಲ. ಎಲ್ಲಿ ಸಿಕ್ಕಿಕೊಂಡರು, ಹೇಗೆ ಬಿಡಿಸಿಕೊಂಡರು, ಸುಳಿವು ಕೊಟ್ಟಾಗ ಹಿಡಿದುಕೊಂಡರಾ ಅಂತ ಬರೆಯಬೇಕು. ನೀವು ಬಾಯಿ ಬಿಡದಿದ್ದರೆ ಅದನ್ನೆಲ್ಲ ನಾನು ಎಲ್ಲಿಂದ ತರಲಿ?

ಸುಳಿವಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 'ಈ ಲಿಸ್ಟ್ ಸಾರ್ಟ್ ಆಗಿದೆ ಅಲ್ವಾ?' ಅಂತ ನಾವು ಸುಮ್ನೆ ಕೇಳುವುದಿಲ್ಲ. ಅದು ಕೈ ಹಿಡಿದು ದಾಟಿಸುವ ಪ್ರಯತ್ನ. ಎಷ್ಟೋ ಜನ 'ಹೌದು ಸರ್' ಅಂದು ತಮ್ಮ ಪಾಡಿಗೆ ಮುಂದುವರಿಯುತ್ತಾರೆ. ಅಯ್ಯೋ ಅನಿಸುತ್ತದೆ.

ಕೋಡ್ ಮುಗಿದ ಮೇಲೆ ಖಾಲಿ ಲಿಸ್ಟ್, ಒಂದೇ ಅಂಶ, ತುಂಬಾ ದೊಡ್ಡ ಸಂಖ್ಯೆ, ಇವನ್ನು ನೀವಾಗಿಯೇ ಹಾಕಿ ನೋಡಿ. ಇದು ಹೊಸಬರ ಕೆಲಸ ಎಂದು ನಾಚಿಕೆ ಬೇಡ. ಬೈನರಿ ಸರ್ಚ್‌ನಲ್ಲಿ (ಸಾರ್ಟ್ ಆದ ಲಿಸ್ಟನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವುದು) ಮಧ್ಯದ ಜಾಗ ಕಂಡುಹಿಡಿಯಲು ಎರಡು ತುದಿ ಕೂಡಿ ಎರಡರಿಂದ ಭಾಗಿಸುತ್ತೇವಲ್ಲ, ಲಿಸ್ಟ್ ತೀರಾ ದೊಡ್ಡದಾದರೆ ಆ ಮೊತ್ತ 32 ಬಿಟ್ ಪೂರ್ಣಾಂಕದ ಗರಿಷ್ಠ ಮಿತಿಯಾದ 214 ಕೋಟಿ ಚಿಲ್ಲರೆಯನ್ನು ದಾಟಿ ಮೈನಸ್‌ಗೆ ಹೋಗುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಇತ್ತು. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಎಲ್ಲರ ಮುಂದೆ ಹೇಳಿಕೊಂಡರು. ಪೈಥಾನ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಪೂರ್ಣಾಂಕಕ್ಕೆ ಅಂಥ ಮಿತಿಯಿಲ್ಲ. ಇದನ್ನೂ ನೀವೇ ಹೇಳಿದರೆ ಇನ್ನೂ ಚೆಂದ.

ಹಾಗಾಗಿ ಹೊಸ 300 ಬೇಡ. ಮಾಡಿರುವ 250ರಲ್ಲಿ 60 ಆರಿಸಿ: ಅರೇ, ಸ್ಟ್ರಿಂಗ್, ಹ್ಯಾಷ್ ಮ್ಯಾಪ್, ಟೂ ಪಾಯಿಂಟರ್, ಸ್ಲೈಡಿಂಗ್ ವಿಂಡೋ, ಬೈನರಿ ಸರ್ಚ್, ಟ್ರೀ, ಗ್ರಾಫ್‌ನಲ್ಲಿ ಬಿಎಫ್‌ಎಸ್ ಡಿಎಫ್‌ಎಸ್, ಹೀಪ್, ಸ್ವಲ್ಪ ಡೈನಾಮಿಕ್ ಪ್ರೋಗ್ರಾಮಿಂಗ್. ದಿನಕ್ಕೊಂದು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು 35 ನಿಮಿಷ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಹಿಂಸೆ ಅನಿಸುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ವಾರಕ್ಕೊಂದು ಸಲ ಬೇರೆ ಮನುಷ್ಯರ ಮುಂದೆ ಮಾಡಿ.

ಪಜಲ್‌ಗಳಿಗೆ ಸಮಯ ಕೊಡಬೇಡಿ. ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ ಅವರೇ 2013ರಲ್ಲಿ ಅಂಥ ಪ್ರಶ್ನೆಗಳು ಶುದ್ಧ ಕಾಲಹರಣ ಎಂದಿದ್ದರು. ನಮ್ಮಲ್ಲಿ ಇನ್ನೂ ಕೆಲವರು ಕೇಳುತ್ತಾರೆ, ಕೇಳಿಕೊಳ್ಳಲಿ.

ಇನ್ನು ನೀವು ಸಪೋರ್ಟ್ ಪ್ರಾಜೆಕ್ಟ್ ಎಂದು ಸ್ವಲ್ಪ ಅಳುಕಿನಲ್ಲೇ ಬರೆದಿದ್ದೀರಿ. ಅದನ್ನು ಮುಚ್ಚಿಡಬೇಡಿ. ರೆಸ್ಯೂಮೆಯಲ್ಲಿ ಮೈಕ್ರೋಸರ್ವೀಸಸ್, ಕಾಫ್ಕಾ (ಸಿಸ್ಟಮ್‌ಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್) ಅಂತ ಸಾಲಾಗಿ ತುಂಬಿಸಿದವರನ್ನು ಕಾಫ್ಕಾದಲ್ಲಿ ಪಾರ್ಟಿಷನ್ ಯಾಕೆ ಬೇಕು ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ರಾತ್ರಿ ಎರಡಕ್ಕೆ ಬಿದ್ದುಹೋದ ಜಾಬ್ ಅನ್ನು (ತಾನಾಗಿ ಓಡುವ ಪ್ರೋಗ್ರಾಂ) ಲಾಗ್ ಓದಿ ಎಬ್ಬಿಸಿದವರ ಹತ್ತಿರ ಹೇಳಲು ನಿಜವಾದ ಕಥೆ ಇರುತ್ತದೆ.

ನನ್ನ ಕಥೆ ಒಂದು ನಿಧಾನವಾದ ರಿಪೋರ್ಟ್‌ದು. ತಿಂಗಳ ಕೊನೆಗೆ 40 ನಿಮಿಷ ತಗೊಳ್ಳುತ್ತಿತ್ತು. ನೋಡಿದರೆ ಒಂದು ಟೇಬಲ್‌ಗೆ ಬೇಕಾದ ಇಂಡೆಕ್ಸೇ ಇರಲಿಲ್ಲ. ಹಾಕಿದೆ, ಎರಡು ನಿಮಿಷಕ್ಕೆ ಇಳಿಯಿತು. ಇಂಟರ್‌ವ್ಯೂನಲ್ಲಿ ಹೇಳಿದಾಗ ಇಂಡೆಕ್ಸ್ ಅಂದರೇನು, ಡೆಫಿನಿಷನ್ ಬೇಡ ಎಂದರು. ಅಪ್ಪನ ದಿನಸಿ ಅಂಗಡಿಯ ಸಾಲದ ಪುಸ್ತಕ ನೆನಪಾಯಿತು. ಮೊದಲ ಎರಡು ಹಾಳೆಯಲ್ಲಿ ಗಿರಾಕಿಗಳ ಹೆಸರು, ಎದುರಿಗೆ ಪುಟದ ನಂಬರ್. ಆ ಹಾಳೆ ಇಲ್ಲದಿದ್ದರೆ ಒಬ್ಬರ ಲೆಕ್ಕಕ್ಕೆ ಇಡೀ ಪುಸ್ತಕ ತಿರುವಬೇಕು. ಹಾಗಾದರೆ ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಬಹುದಲ್ಲ ಎಂದರು. ಅದಕ್ಕೂ ಅಪ್ಪನೇ ಬೇಕಾಯಿತು. ಸಂತೆ ದಿನ ಅಂಗಡಿ ತುಂಬಿದಾಗ ಹೊಸ ಗಿರಾಕಿ ಬಂದರೆ ಪುಟದಲ್ಲೂ ಬರೆಯಬೇಕು, ಮೊದಲಿನ ಹೆಸರಿನ ಹಾಳೆಯಲ್ಲೂ ಬರೆಯಬೇಕು. ಹೆಸರಿಗೊಂದು, ಊರಿಗೊಂದು, ಫೋನ್ ನಂಬರ್‌ಗೊಂದು ಹಾಳೆ ಇಟ್ಟರೆ ಬರೆಯುವುದರಲ್ಲೇ ದಿನ ಹೋಗುತ್ತದೆ. ಓದು ಬೇಗ ಆಗುತ್ತದೆ, ಬರಹ ನಿಧಾನ ಆಗುತ್ತದೆ. ಅವರು ನಕ್ಕರು. ಆ ಕೆಲಸ ಸಿಕ್ಕಿತು. ಅದರಿಂದಲೇ ಸಿಕ್ಕಿತು ಅನ್ನುವುದಿಲ್ಲ, ಆದರೆ ಆ ದಿನ ನಾನು ಇಂಗ್ಲಿಷ್ ಬಗ್ಗೆ ಯೋಚಿಸಲೇ ಇಲ್ಲ.

ಕಥೆ ಹೇಳುವಾಗ 'ನಾವು ಮಾಡಿದೆವು' ಬಿಡಿ. 'ನಾನು' ಅನ್ನಲು ನಮ್ಮ ಕಡೆಯವರಿಗೆ ಸಂಕೋಚ, ಜಂಬ ಅಂದುಕೊಳ್ಳುತ್ತಾರೇನೋ ಎಂದು. ಆಚೆ ಕೂತವರಿಗೆ ಮಾತ್ರ ಟೀಮಿನ ಎಂಟು ಜನರಲ್ಲಿ ನೀವು ಯಾರು ಅನ್ನುವುದೇ ಗೊತ್ತಾಗುವುದಿಲ್ಲ. ಟೀಮ್ ಏನು ಮಾಡಿತು ಒಂದು ವಾಕ್ಯ, ಉಳಿದದ್ದು ನೀವು ಏನು ಮಾಡಿದಿರಿ.

ಸಿಸ್ಟಮ್ ಡಿಸೈನ್, ಅಂದರೆ ಒಂದು ಸರ್ವೀಸನ್ನು ಹೇಗೆ ಕಟ್ಟುತ್ತೀರಿ ಎಂದು ಕೇಳುವ ರೌಂಡ್, ಮೂರು ವರ್ಷದವರಿಗೆ ಸಾಮಾನ್ಯವಾಗಿ ಹಗುರವಾಗಿಯೇ ಇರುತ್ತದೆ. ದೊಡ್ಡ ಡಬ್ಬಿ ಚಿತ್ರ ಬಿಡಿಸುವುದಕ್ಕಿಂತ ಲೆಕ್ಕ ಮುಖ್ಯ. ಉದ್ದದ ಲಿಂಕ್ ಚಿಕ್ಕದು ಮಾಡುವ ಸರ್ವೀಸ್ ಎಂದರೆ, ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಸೇರಿ 62 ಚಿಹ್ನೆ. ಏಳು ಚಿಹ್ನೆಯ ಕೋಡ್ ಇಟ್ಟರೆ ಸುಮಾರು 3.5 ಲಕ್ಷ ಕೋಟಿ ಲಿಂಕ್ ಹಿಡಿಯುತ್ತದೆ. ಕ್ಲಿಕ್ ಎಣಿಸಬೇಕಾದರೆ 301 (ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸುವ ಸಂಕೇತ) ಬದಲು 302 (ತಾತ್ಕಾಲಿಕವಾಗಿ ಕಳಿಸುವುದು) ಕೊಡುತ್ತೇನೆ, ಯಾಕೆಂದರೆ 301 ಕೊಟ್ಟರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ನಮ್ಮ ಸರ್ವರ್‌ಗೆ ಬರದೆಯೂ ಇರಬಹುದು. ಇಂಥ ಎರಡು ಮೂರು ಡಿಸೈನ್ ಸರಿಯಾಗಿ ಅರ್ಥವಾದರೆ ಸದ್ಯಕ್ಕೆ ಸಾಕು. ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಎರಡನೇ ಅತಿ ಹೆಚ್ಚು ಸಂಬಳ ಹುಡುಕುವ ಕ್ವೆರಿಯನ್ನು ಇವತ್ತೂ ಕೇಳುತ್ತಾರೆ, ಒಂದೇ ಸಂಬಳ ಇಬ್ಬರಿಗಿದ್ದರೆ ಏನಾಗುತ್ತದೆ ಎಂಬುದರ ಸಮೇತ ನೋಡಿಕೊಳ್ಳಿ.

ಎಐ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೆ ಬಳಸಿ, ನನ್ನನ್ನು ಪ್ರಶ್ನೆ ಕೇಳು ಅನ್ನಿ, ಒಳ್ಳೆಯದೇ. ಇಂಟರ್‌ವ್ಯೂ ನಡೆಯುವಾಗ ಪಕ್ಕದ ಸ್ಕ್ರೀನ್‌ನಲ್ಲಿ ಓದಬೇಡಿ. ಕಣ್ಣು ಎಡದಿಂದ ಬಲಕ್ಕೆ ಓಡುವುದು ನಮಗೆ ಕಾಣುತ್ತದೆ. ಇದರಿಂದಲೇ ಈಗ ಕೆಲವು ಕಂಪನಿಗಳು ಮತ್ತೆ ಆಫೀಸಿಗೆ ಕರೆಸಿ ಎದುರು ಕೂರಿಸುತ್ತಿವೆ.

ಕೆಲಸ ಬಿಡುವ ಪ್ರಶ್ನೆ. ಬಿಡಬೇಡಿ. 90 ದಿನದ ನೋಟಿಸ್ ಪೀರಿಯಡ್ ನೋಡಿ ಎಚ್‌ಆರ್ ಮುಖ ಸಿಂಡರಿಸುವುದು ನಿಜ, ಆದರೆ ಬೇಕಾದವರಿಗೆ ಕಾಯುವ ಕಂಪನಿಗಳೂ ಇವೆ, ಕೆಲವರು ನೋಟಿಸ್ ಬೈಔಟ್ ಮಾಡಿಕೊಳ್ಳುತ್ತಾರೆ, ಅಂದರೆ ಉಳಿದ ನೋಟಿಸ್ ದಿನಗಳಿಗೆ ಹಣ ಕಟ್ಟಿ ಬೇಗ ಬಿಡಿಸಿಕೊಳ್ಳುತ್ತಾರೆ. ಕೈಯಲ್ಲಿ ಕೆಲಸ ಇಲ್ಲದೆ ಕೂತರೆ ಎರಡನೇ ತಿಂಗಳಿಗೆ ಮನೆ ಬಾಡಿಗೆ ನಿಮ್ಮ ತಲೆಯಲ್ಲಿ ಬೈನರಿ ಟ್ರೀಗಿಂತ ದೊಡ್ಡದಾಗುತ್ತದೆ. ಆಫರ್ ಬಂದಾಗ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ವರ್ಷದ ಒಟ್ಟು ಖರ್ಚು) ಅಂಕಿ ನೋಡಿ ಹಿಗ್ಗಬೇಡಿ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಎಲ್ಲ ಅದರೊಳಗೇ ಸೇರಿರುತ್ತದೆ. ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ, ವೇರಿಯಬಲ್ ಹೋದ ವರ್ಷ ನಿಜವಾಗಿ ಎಷ್ಟು ಕೊಟ್ಟರು ಎಂದು ಕೇಳಿ. ಆಫರ್ ಲೆಟರ್ ಮೇಲ್‌ನಲ್ಲಿ ಬಂದು, ನೀವು ಪೂರ್ತಿ ಓದುವವರೆಗೆ ರಾಜೀನಾಮೆ ಮೇಲ್ ಡ್ರಾಫ್ಟ್‌ನಲ್ಲೇ ಇರಲಿ.

ನಿಮಗೆ ರೂಮ್‌ಮೇಟ್ ಇಲ್ಲದಿದ್ದರೆ ಕೆಳಗೆ ಕಾಮೆಂಟ್ ಹಾಕಿ. ಶನಿವಾರ ಸಂಜೆ ನನಗೆ ಒಂದು ಗಂಟೆ ಬಿಡುವಿರುತ್ತದೆ. ಮೊದಲ ಸಲ ಕನ್ನಡದಲ್ಲೇ ಮಾಡೋಣ.