ಶ್ರೀಶೈಲ ಪಾದಯಾತ್ರೆ: ಅವ್ವ ಯಾವ ದಾರಿ ನಡೆಯಲಿ, ಯಾವುದು ಬಿಡಲಿ?

ತಂಗಿ, ನಿನ್ನ ಪ್ರಶ್ನೆ ಓದಿದೆ. ಅವ್ವನಿಗೆ 58 ವರ್ಷ, ಸಕ್ಕರೆ ಕಾಯಿಲೆ. ಯುಗಾದಿಗೆ ಬಾಗಲಕೋಟೆಯಿಂದ ಓಣಿಯವರ ಜೊತೆ ಶ್ರೀಶೈಲಕ್ಕೆ ನಡೆಯುವ ಹರಕೆ ಹೊತ್ತಿದ್ದಾರೆ. ಸ್ವಲ್ಪ ದಾರಿ ಬಸ್ಸಲ್ಲಿ ಹೋಗಲಿ ಅಂತ ನಿನ್ನ ಆಸೆ. ಹರಕೆ ಕೆಡುತ್ತದೆ ಅಂತ ಅವರ ಹಟ. ನಾನು ಆ ದಾರಿಯಲ್ಲಿ ಆರು ಸಲ ಹೋಗಿದ್ದೇನೆ. ಎರಡು ಸಲ ನಡುವೆ ಬಸ್ ಹತ್ತಿದ್ದೇನೆ.

ಬಿಡುವುದಾದರೆ ರಾಯಚೂರು–ಕರ್ನೂಲು ನಡುವಿನ ರಸ್ತೆ ಬಿಡಿ. ಒಟ್ಟು ದಾರಿ 400 ಕಿ.ಮೀ. ಹತ್ತಿರ ಆಗುತ್ತದೆ, ಅದರಲ್ಲಿ ಇದು ನೂರರ ಆಸುಪಾಸು. ಬರೀ ಡಾಂಬರು, ಲಾರಿ, ಬಿಸಿಲು. ಬೆಳಿಗ್ಗೆ ಹತ್ತು ದಾಟಿದರೆ ರಸ್ತೆ ಕಾದ ಹಂಚು. ನಮ್ಮ ಗುಂಪಿನಲ್ಲಿ ಕಾಲಿಗೆ ಬೊಬ್ಬೆ ಎದ್ದದ್ದು ಜಾಸ್ತಿ ಇಲ್ಲೇ. ಸಕ್ಕರೆ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆ ಆಗಿರಬಹುದು, ಬೊಬ್ಬೆ ಒಡೆದು ಹುಣ್ಣಾದರೂ ಗೊತ್ತಾಗದೆ ಹೋಗಬಹುದು. ಹೆದರಬೇಕಾದ್ದು ಇದಕ್ಕೆ. ಸುಸ್ತು ಒಂದು ರಾತ್ರಿ ಮಲಗಿದರೆ ಹೋಗುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಕಂಬಿ (ಯಾತ್ರೆಯವರು ಹೆಗಲ ಮೇಲೆ ಹೊರುವ ಅಲಂಕರಿಸಿದ ದೇವರ ಕೋಲು) ಹೊರಡುವ ದಿನ ಅವ್ವ ಮನೆ ಬಾಗಿಲಿನಿಂದಲೇ ನಡೆಯಲಿ. ಅದನ್ನು ತಪ್ಪಿಸಬೇಡ, ಹರಕೆಯ ಮನಸ್ಸು ಅಲ್ಲಿದೆ. ಎರಡು ದಿನ ನಡೆದು ಬಸ್ಸಲ್ಲಿ ಮನೆಗೆ ಬರಲಿ, ಕಾಲು ಆರಲಿ. ರಾಯಚೂರಿಗೆ ಮುಂಚಿನ ದಾರಿಯೂ ಸ್ವಲ್ಪ ತಪ್ಪುತ್ತದೆ, ತಪ್ಪಲಿ. ಗುಂಪು ಕರ್ನೂಲು ಮುಟ್ಟಿದ ದಿನ ನೀನೇ ಕರೆದುಕೊಂಡು ಹೋಗಿ ಸೇರಿಸು. ಅಲ್ಲಿಂದ ಕಾಡಿಗೆ ಮುಂಚಿನ ಊರಾದ ಆತ್ಮಕೂರಿಗೆ ಸುಮಾರು 70 ಕಿ.ಮೀ., ಮೂರು ದಿನದ ನಡಿಗೆ. ಆ ಮೂರು ದಿನ ನೋಡಿಕೊಂಡು ಕಾಡಿನ ಮಾತು ತೀರ್ಮಾನ ಮಾಡಿ.

ತೀರ್ಮಾನ ಆತ್ಮಕೂರಿನಲ್ಲೇ ಆಗಬೇಕು, ಮುಂದಕ್ಕೆ ಹಾಕಬೇಡಿ. ಮುಂದಿನ ಹಳ್ಳಿ ವೆಂಕಟಾಪುರಂ ದಾಟಿದರೆ ನಲ್ಲಮಲ ಕಾಡು. ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮನ ಕೊಳ್ಳ, ಕೈಲಾಸ ಬಾಗಿಲು. 40 ಕಿ.ಮೀ. ಅಷ್ಟೇ, ಆದರೆ ಕಲ್ಲು ದಾರಿ, ಏರು ಇಳಿವು. ಹುಲಿ ಸಂರಕ್ಷಿತ ಕಾಡು ಅದು, ಮನಸ್ಸು ಬಂದಾಗ ವಾಹನ ಕರೆಸಲು ಆಗುವುದಿಲ್ಲ. ಫೋನ್ ಸಿಗ್ನಲ್ ಸಿಗುವುದೂ ಕಷ್ಟ. ಭೀಮನ ಕೊಳ್ಳಕ್ಕೆ ಆಳಕ್ಕೆ ಇಳಿದು, ಮತ್ತೆ ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಒಂದು ವರ್ಷ ನಮ್ಮ ದೊಡ್ಡಪ್ಪನಿಗೆ ಆತ್ಮಕೂರಿನಲ್ಲೇ ಮೊಣಕಾಲು ಊದಿತ್ತು. ಇಷ್ಟು ದೂರ ಬಂದು ಬಿಡುವುದೇನು, ಇನ್ನು ಎರಡು ದಿನ ಅಂತ ನಾವೇ ಒತ್ತಾಯ ಮಾಡಿದೆವು. ಕೊಳ್ಳ ಇಳಿದ ಮೇಲೆ ಅವರಿಂದ ಒಂದು ಮೆಟ್ಟಿಲು ಹತ್ತಲು ಆಗಲಿಲ್ಲ. ಗುರುತೇ ಇಲ್ಲದ ಹುಡುಗರು ಕಂಬಳಿ ಜೋಲಿ ಮಾಡಿ ಮೇಲಕ್ಕೆ ಹೊತ್ತರು. ದಾರಿಯುದ್ದಕ್ಕೂ ದೊಡ್ಡಪ್ಪ ಅಳುತ್ತಿದ್ದರು. ಆ ಒತ್ತಾಯ ಮಾಡಬಾರದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಅದಕ್ಕೇ ಆತ್ಮಕೂರಿನಲ್ಲಿ ಕೂತು ಅವ್ವನ ಎರಡೂ ಪಾದ ಚೆನ್ನಾಗಿ ನೋಡಿ. ಬೆರಳ ಸಂದಿ, ಹಿಮ್ಮಡಿ, ಅಂಗಾಲು, ಟಾರ್ಚ್ ಹಿಡಿದು ನೋಡಿ. ಒಡೆದ ಬೊಬ್ಬೆ, ಕೆಂಪು, ಊತ, ಯಾವುದೇ ಇರಲಿ, ಕಾಡು ಬೇಡ. ಪಾದ ಸ್ವಚ್ಛವಾಗಿದ್ದು, ಮೊಣಕಾಲು ನೋವಿಲ್ಲದೆ, ಮೂರೂ ದಿನ ಹೊಟ್ಟೆ ತುಂಬ ಊಟ ಮಾಡಿ ನಿದ್ದೆ ಮಾಡಿದ್ದರೆ ಧೈರ್ಯವಾಗಿ ಹೋಗಲಿ. ನೆರಳಿದೆ, ಯುಗಾದಿಯ ಹೊತ್ತಿಗೆ ದಾಸೋಹದವರೂ ಇರುತ್ತಾರೆ. ಆ ಕಾಡಿನಲ್ಲಿ ಸಾವಿರಾರು ಜನ ಒಟ್ಟಿಗೆ ಶ್ರೀಶೈಲದ ಮಲ್ಲಯ್ಯನ ಹೆಸರು ಕೂಗುವುದನ್ನು ಕೇಳಿದವರು ಮರೆಯುವುದಿಲ್ಲ.

ಕಾಡು ಬೇಡ ಅಂತ ಆದರೆ ಆತ್ಮಕೂರಿನಿಂದ ದೋರ್ನಾಳ ಮೇಲೆ ಬಸ್ಸಿದೆ. ಗುಡಿ ತನಕ ಕೂರಬೇಡಿ. ಹಾಟಕೇಶ್ವರದಲ್ಲಿ ಇಳಿಯಿರಿ. ಅಲ್ಲಿಂದ ಗುಡಿಗೆ ನಾಲ್ಕೈದು ಕಿ.ಮೀ., ನಿಧಾನ ನಡೆದರೆ ನಡುವೆ ಸಾಕ್ಷಿ ಗಣಪತಿ ಸಿಗುತ್ತಾನೆ. ಕೈಯಲ್ಲಿ ಪುಸ್ತಕ, ಲೇಖನಿ ಹಿಡಿದು ಬಂದವರ ಲೆಕ್ಕ ಬರೆಯುವ ಗಣಪ. ಅವ್ವ ಅವನ ಮುಂದೆ ಹೆಸರು, ಗೋತ್ರ ಹೇಳಿ ಮುಂದೆ ಹೋಗಲಿ. ಅವನೇನೂ ಕಾಡಿನಲ್ಲಿ ಬಂದೆಯಾ, ಬಸ್ಸಿನಲ್ಲಿ ಬಂದೆಯಾ ಅಂತ ಕೇಳುವುದಿಲ್ಲ ಅಲ್ವಾ.

ಹರಕೆ ಕೆಡುತ್ತದೆ ಅನ್ನುವ ಮಾತಿಗೆ ನಮ್ಮ ಅಜ್ಜಿ ಹೇಳುತ್ತಿದ್ದದ್ದನ್ನೇ ಹೇಳು. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯ ಮಗಳು, ಮಲ್ಲಯ್ಯ ಅಳಿಯ. ಅದಕ್ಕೇ ನಾವು ಅವಳಿಗೆ ಸೀರೆ, ಕುಪ್ಪಸ ಒಯ್ಯುವುದು. ಕಾಲಲ್ಲಿ ಹುಣ್ಣು ಅಂತ ತಾಯಿ ಬಸ್ಸಲ್ಲಿ ಬಂದರೆ ಯಾವ ಮಗಳು ಬಾಗಿಲು ಹಾಕುತ್ತಾಳೆ?

ಇನ್ನು ಕೆಲವು ಮಾತು. ಬರಿಗಾಲು ಬೇಡವೇ ಬೇಡ. ಒಂದು ತಿಂಗಳು ಹಾಕಿ ಹದವಾದ ಬೂಟು, ಮೂರು ಜೊತೆ ಹತ್ತಿ ಸಾಕ್ಸ್. ನಸುಕಿನ ಮೂರಕ್ಕೆ ಹೊರಟು ಒಂಬತ್ತಕ್ಕೆ ನೆರಳು ಸೇರಬೇಕು. ಕತ್ತಲಲ್ಲಿ ಬೆನ್ನಿನ ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸು. ದಾರಿಯಲ್ಲಿ ಪ್ರೀತಿಯಿಂದ ಪಾನಕ, ಶಿರಾ ಕೊಡುತ್ತಾರೆ, ಅವ್ವ ಮಜ್ಜಿಗೆ, ರೊಟ್ಟಿ ಕೇಳಿ ತೆಗೆದುಕೊಳ್ಳಲಿ. ಆದರೆ ದಿನವಿಡೀ ನಡೆದರೆ ಸಕ್ಕರೆ ತೀರಾ ಇಳಿಯಲೂಬಹುದು. ಕೈ ನಡುಕ, ತಣ್ಣನೆ ಬೆವರು, ಮಂಕು ಕಂಡರೆ ತಕ್ಷಣ ಗ್ಲೂಕೋಸ್ ಬಾಯಿಗೆ ಹಾಕಬೇಕು. ಅದು ಸಾಮಾನಿನ ಗಾಡಿಯಲ್ಲಿ ಇದ್ದರೆ ಉಪಯೋಗವಿಲ್ಲ, ಅವರ ಎಲೆ ಅಡಿಕೆ ಚಂಚಿಯಲ್ಲೇ ಇರಲಿ. ಮಾತ್ರೆಯ ಪ್ರಮಾಣ ಬದಲಿಸಬೇಕೇ ಅಂತ ಹೊರಡುವ ಮುಂಚೆ ಡಾಕ್ಟರನ್ನು ಕೇಳು. ನೀನಾಗಿ ಕಡಿಮೆ ಮಾಡಬೇಡ.

ಗುಂಪಿನ ಹಿರಿಯರಿಗೆ ಈಗಲೇ ಹೇಳಿಡು, ಅವ್ವ ನಡುವೆ ಬಿಟ್ಟು ಕರ್ನೂಲಿನಲ್ಲಿ ಸೇರುತ್ತಾರೆ ಅಂತ. ಆಗ ಅಲ್ಲಿ ಯಾರೂ ಮುಖ ಗಂಟು ಹಾಕುವುದಿಲ್ಲ. ಈಗ ಅವ್ವನ ಕಾಲಲ್ಲಿ ಗಾಯ, ಆಣಿ ಏನಾದರೂ ಇದೆಯಾ? ಇದ್ದರೆ ಹೇಳು.