ಡ್ರೈವರ್ ಪಾಲಿಗೆ ಹದಿನಾರು ಹುಣಸೆ ಬೀಜ

ಬಸ್ ಅಪಘಾತದಲ್ಲಿ ಬದುಕಿ ಉಳಿದವರು ಆಪ್ತ ಸಮಾಲೋಚನೆಗೆ ನನ್ನ ಮುಂದೆ ಕುಳಿತಾಗ ಮೊದಲು ಗಾಯದ ಬಗ್ಗೆ ಹೇಳುತ್ತಾರೆ. ಆಮೇಲೆ ನಿದ್ದೆ ಬಾರದ್ದನ್ನು ಹೇಳುತ್ತಾರೆ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ, ಎದ್ದು ಹೊರಡುವ ಹೊತ್ತಿಗೆ, ಒಂದು ಸಣ್ಣ ಮಾತು ಹೊರಗೆ ಬರುತ್ತದೆ. "ಆ ಬಸ್ಸಿಗೆ ಅವಳನ್ನ ಹತ್ತಿಸಿದ್ದು ನಾನೇ." "ಕಿಟಕಿ ಸೀಟು ಬಿಡು ಅಂತ ಹಟ ಮಾಡಿದ್ದು ನಾನು." "ಬೇಗ ಹೋಗಪ್ಪ ಅಂತ ನಾನೇ ಅಂದಿದ್ದು."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಇದ್ದೇನೆ. ಅದಕ್ಕೇ ಈ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಕೆಲಸ, ಸತ್ತವರ ಸಂಖ್ಯೆ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರು ಟೈಲರ್. ನಲವತ್ತು ದಾಟಿದ ವಯಸ್ಸು. ಹಳ್ಳಿಯಿಂದ ಪಟ್ಟಣಕ್ಕೆ ದಿನಾ ಖಾಸಗಿ ಬಸ್ಸಿನಲ್ಲಿ ಹೋಗಿ ಬರುವವರು. ಒಂದು ದಿನ ಆ ಬಸ್ಸು ಕೆರೆ ಏರಿಯ ತಿರುವಿನಲ್ಲಿ ಉರುಳಿ ನೀರಿಗೆ ಬಿತ್ತು. ಎಂಟು ಜನ ಪ್ರಯಾಣಿಕರು ಸತ್ತರು. ಡ್ರೈವರ್ ಕೂಡ ಸತ್ತ. ಟೈಲರ್ ಹಿಂದಿನ ಗಾಜು ಒಡೆದು ಹೊರಬಂದರು. ಇಬ್ಬರು ಮಕ್ಕಳನ್ನು ಎಳೆದು ಹಾಕಿದರು. ಊರಿನಲ್ಲಿ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ಶಾಲನ್ನು ಅವರು ಇವತ್ತಿಗೂ ಬಿಚ್ಚಿ ನೋಡಿಲ್ಲ.

ವರ್ಷದ ತಿಥಿ ಕಳೆದು ಎರಡು ತಿಂಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಬಂದರು. ನಿದ್ದೆ ಇಲ್ಲ. ಮಷಿನ್ ತುಳಿಯುವಾಗ ಬಸ್ಸಿನ ಸದ್ದು ಕೇಳಿಸುತ್ತದೆ. ವೈದ್ಯರು ಔಷಧಿ ಬರೆದು ನನ್ನ ಬಳಿ ಕಳಿಸಿದರು. ಎರಡನೇ ಭೇಟಿಯಲ್ಲಿ ಮಾತು ಹೊರಗೆ ಬಂತು.

ಆವತ್ತು ಮದುವೆ ಮನೆಯ ಬ್ಲೌಸ್‌ಗಳನ್ನು ಹನ್ನೊಂದು ಗಂಟೆಯೊಳಗೆ ತಲುಪಿಸಬೇಕಿತ್ತು. ಬಸ್ಸು ನಿಧಾನ ಹೋಗುತ್ತಿತ್ತು. ಇವರು ಹಿಂದಿನ ಸೀಟಿನಿಂದ ಕೂಗಿದರು, "ಏನ್ ಡ್ರೈವರಣ್ಣ, ಎತ್ತಿನಗಾಡಿ ಹೊಡೀತಿದ್ದೀಯಾ?" ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ ತಾನೂ ನಕ್ಕ. ಆಮೇಲೆ ವೇಗ ಏರಿತು.

ಇದನ್ನು ಕೇಳಿದ ತಕ್ಷಣ ನಾನು ಹೇಳಿದ್ದು, "ಅದು ನಿಮ್ಮ ತಪ್ಪಲ್ಲ." ಅವರು ತಲೆ ಅಲ್ಲಾಡಿಸಿ ಹೋದರು. ಮೂರು ಮಂಗಳವಾರ ಬರಲೇ ಇಲ್ಲ. ನಾಲ್ಕನೆಯ ವಾರ ಫೋನ್ ಮಾಡಿ ಕರೆಸಿದೆ. ಬಂದವರು ನಿಂತುಕೊಂಡೇ ಹೇಳಿದರು, "ನಿಮ್ಮ ತಪ್ಪಲ್ಲ ಅಂತ ಎಲ್ಲರೂ ಅಂತಾರೆ ಮೇಡಂ. ನಾನು ಅಂದಿದ್ದು ಎಷ್ಟು ತಪ್ಪು ಅಂತ ಯಾರೂ ಕೇಳಲ್ಲ."

ಆ ಮಾತಿನಿಂದ ನಾನು ಕಲಿತೆ. "ನಿಮ್ಮ ತಪ್ಪಲ್ಲ" ಎನ್ನುವುದು ಎಷ್ಟೋ ಸಲ ಕೇಳುವವರು ತಮ್ಮ ಸಂಕಟ ಕಳೆದುಕೊಳ್ಳಲು ಹೇಳುವ ಮಾತು. ಎದುರಿಗಿರುವವರಿಗೆ ಬೇಕಾಗಿರುವುದು ಲೆಕ್ಕ. ಎಷ್ಟು ನನ್ನದು, ಎಷ್ಟು ನನ್ನದಲ್ಲ ಎನ್ನುವ ಲೆಕ್ಕ.

ನನ್ನ ಕೋಣೆಯಲ್ಲಿ ಮಕ್ಕಳಿಗಾಗಿ ಅಳಗುಳಿಮಣೆ ಇಟ್ಟಿದ್ದೇನೆ. ಅದರ ಡಬ್ಬಿಯಿಂದ ಐವತ್ತು ಹುಣಸೆ ಬೀಜ ಎಣಿಸಿ ಮೇಜಿನ ಮೇಲೆ ಸುರಿದೆ. ತಪ್ಪಿನ ಪಾಲು ಹಂಚುವ ಈ ವಿಧಾನ ನಮ್ಮ ಕೆಲಸದಲ್ಲಿ ಹಳೆಯದೇ. ಕಾಗದದ ಮೇಲೆ ವೃತ್ತ ಬರೆದು ಭಾಗ ಮಾಡಿಸುವುದು ರೂಢಿ. ಬೀಜವಾದರೆ ಕೈಗೆ ಸಿಗುತ್ತದೆ ಅಂತ ನಾನು ಹೀಗೆ ಮಾಡುತ್ತೇನೆ. ಅದಕ್ಕೆ ಒಂದೇ ನಿಯಮ. ತನ್ನ ಪಾಲನ್ನು ಕೊನೆಗೆ ಹಾಕಬೇಕು.

"ಆ ಒಂಬತ್ತು ಸಾವಿಗೆ ಯಾರ್ಯಾರು ಕಾರಣ? ಒಬ್ಬೊಬ್ಬರ ಮುಂದೆ ಬೀಜ ಇಡಿ," ಎಂದೆ.

ಮೊದಲು ಡ್ರೈವರ್. ತುಂಬಾ ಹೊತ್ತು ಯೋಚಿಸಿ ಹದಿನಾರು ಇಟ್ಟರು. ಆಮೇಲೆ ಮಾಲೀಕರು. "ಕಲೆಕ್ಷನ್ ಕಡಿಮೆ ಬಂದರೆ ಮಾರನೇ ದಿನ ಡ್ಯೂಟಿ ಇಲ್ಲ. ಐದು ನಿಮಿಷ ಹಿಂದೆ ಇನ್ನೊಂದು ಬಸ್ ಇರುತ್ತೆ. ಅದು ಮುಂದೆ ಹೋದ್ರೆ ಸ್ಟಾಪಲ್ಲಿರೋ ಜನ ಅದಕ್ಕೇ ಹತ್ತುತಾರೆ. ಟೈರು ನೋಡಿದ್ರಾ ಮೇಡಂ, ನುಣ್ಣಗಾಗಿತ್ತು." ಹದಿನಾಲ್ಕು. ತಡೆಗೋಡೆ ಇಲ್ಲದ ಕೆರೆ ಏರಿಗೆ ಒಂಬತ್ತು. ಆ ಟೈರಿನ ಬಸ್ಸಿಗೆ ಎಫ್‌ಸಿ, ಅಂದರೆ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಕೊಟ್ಟವರಿಗೆ ಆರು. ಬೇಗ ಹೋಗು, ಬೇಗ ಹೋಗು ಅಂತ ದಿನಾ ಅನ್ನುವ ಎಲ್ಲ ಪ್ರಯಾಣಿಕರಿಗೆ ಸೇರಿಸಿ ಮೂರು.

ಮೇಜಿನ ಮೇಲೆ ಎರಡು ಉಳಿದವು. ಅವನ್ನು ತಮ್ಮ ಮುಂದೆ ಎಳೆದುಕೊಂಡರು.

ಇಲ್ಲಿ ಅವರಿಗೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆದರೆ ಅವರು ತಮ್ಮ ಎರಡು ಬೀಜದ ಕಡೆ ನೋಡುತ್ತಲೇ ಇರಲಿಲ್ಲ. ಡ್ರೈವರ್ ಮುಂದಿದ್ದ ಹದಿನಾರನ್ನು ನೋಡುತ್ತಿದ್ದರು.

"ಇಷ್ಟೇನಾ?" ಎಂದರು. "ನಮ್ಮೂರಲ್ಲಿ ಐವತ್ತಕ್ಕೆ ಐವತ್ತೂ ಅವನ ತಲೆ ಮೇಲೇ ಹಾಕಿದೀವಿ ಮೇಡಂ."

ಆಮೇಲೆ ಬಂದದ್ದು ನನಗೆ ಗೊತ್ತೇ ಇಲ್ಲದ ಕಥೆ. ಅಪಘಾತವಾದ ದಿನ ಊರಿನಲ್ಲಿ ಒಂದು ಒಲೆಯೂ ಹೊತ್ತಲಿಲ್ಲ. ಹಾಲು-ತುಪ್ಪಕ್ಕೆ ಎಂಟು ಮನೆಗೂ ಊರೆಲ್ಲ ಹೋಯಿತು. ಕೆರೆ ಏರಿಯ ಮೇಲೆ ಶಾಂತಿ ಮಾಡಿಸಿದರು. ವರ್ಷದ ದಿನ ಅಲ್ಲೇ ಎಂಟು ಎಡೆ ಇಟ್ಟರು. ಭಾವಪೂರ್ಣ ಶ್ರದ್ಧಾಂಜಲಿ ಎಂದು ಫ್ಲೆಕ್ಸ್ ಕಟ್ಟಿದರು, ಎಂಟು ಫೋಟೋ. ಪಕ್ಕದ ಊರಿನ ಡ್ರೈವರ್ ಮನೆಗೆ ಒಬ್ಬರೂ ಹೋಗಲಿಲ್ಲ. ಆ ವರ್ಷದ ದಿನ ಅವನ ಹೆಂಡತಿ ಬಂದು ದೂರದ ಹೊಂಗೆ ಮರದ ಕೆಳಗೆ ನಿಂತಿದ್ದಳು. ಸೆರಗಲ್ಲಿ ಏನೋ ಕಟ್ಟಿಕೊಂಡಿದ್ದಳು. ಅವಳೂ ಎಡೆ ಇಡಲು ಬಂದಿರಬೇಕು. ಯಾರೋ ಜೋರಾಗಿ ಅವಳ ಗಂಡನನ್ನು ಬೈದರು. ಅವಳು ಹಾಗೇ ತಿರುಗಿ ಹೋದಳು.

"ಅವಳು ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸ್ಕೊಂಡೆ," ಎಂದು ಅತ್ತರು. ಅವರ ನಿದ್ದೆ ಪೂರ್ತಿ ಹೋಗಿದ್ದು ಆವತ್ತಿನ ರಾತ್ರಿಯಿಂದ.

ನಾನು ಇದನ್ನು ಹೇಳಲೇಬೇಕು. ವೇಗ ಕೊಲ್ಲುತ್ತದೆ. ಅದರಲ್ಲಿ ನನಗೆ ಎರಡು ಮಾತಿಲ್ಲ. 12 ಕಿಲೋಮೀಟರ್ ದಾರಿಯನ್ನು ಗಂಟೆಗೆ 50ರ ಬದಲು 70ರಲ್ಲಿ ಓಡಿಸಿದರೆ ಉಳಿಯುವುದು ಬರೀ 4 ನಿಮಿಷ. ಆದರೆ ಬಡಿದಾಗಿನ ಹೊಡೆತ ಹೆಚ್ಚು ಕಡಿಮೆ ಎರಡು ಪಟ್ಟು ಆಗುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇಕಡಾ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎನ್ನುತ್ತದೆ ಕೇಂದ್ರ ಸರ್ಕಾರದ ವರದಿ. ಆದರೆ ಅತಿವೇಗ ಎಂಬ ಒಂದು ಕಾಲಂ ಒಳಗೆ ಎಷ್ಟು ಜನ ಇರುತ್ತಾರೆ ಅಂತ ಆ ಮೇಜಿನ ಮೇಲೆ ಕಣ್ಣಾರೆ ಕಂಡೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಸುವವರು, ಟೈರು ಬದಲಿಸದವರು, ತಡೆಗೋಡೆ ಕಟ್ಟದವರು. ಎಲ್ಲರೂ ಸತ್ತ ಡ್ರೈವರ್ ಹಿಂದೆ ಅಡಗಿಕೊಳ್ಳಬಹುದು. ಸತ್ತವನು ಉತ್ತರ ಕೊಡುವುದಿಲ್ಲ, ಅಲ್ವಾ?

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತದ್ದು ಅನೇಕರಿಗೆ ನೆನಪಿರಬಹುದು. ಶನಿವಾರ. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಮಂಡ್ಯ ಒಂದೇ ದಿನ ಎರಡು ಸಲ ಸಾವಿನ ಮನೆಯಾಯಿತು. ಊರಿಗೆ ಊರೇ ಅಳುವಾಗ ಯಾರ ಅಳು ಕೇಳುತ್ತದೆ, ಯಾರದ್ದು ಮುಚ್ಚಿಹೋಗುತ್ತದೆ ಎಂದು ನಾನು ಯೋಚಿಸಲು ಶುರು ಮಾಡಿದ್ದು ಆಗಿನಿಂದ.

ಟೈಲರ್ ಕೇಳಿದರು, "ಎಂಟು ಮನೆಗೂ ಹೋಗಿ, ನಾನೇ ಬೇಗ ಓಡಿಸು ಅಂದೆ ಅಂತ ಕಾಲಿಗೆ ಬೀಳ್ಲಾ?"

ಬೇಡ ಎಂದೆ. ಈ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಪ್ಪಲಿಲ್ಲ. ಸತ್ಯ ಮುಚ್ಚಿಡಲು ಹೇಳಿದಿರಿ ಎಂದರು. ನಾನು ಹಾಗೆ ಹೇಳಲಿಲ್ಲ. ಪೊಲೀಸರಾಗಲಿ ಕೋರ್ಟಾಗಲಿ ಕೇಳಿದರೆ ಕಂಡದ್ದು, ಅಂದದ್ದು ಎಲ್ಲವನ್ನೂ ಹೇಳಲೇಬೇಕು ಎಂದಿದ್ದೆ. ಆ ಮನೆಗಳವರು ತಾವಾಗಿ ಕೇಳಿದರೂ ಹೇಳಬೇಕು. ಆದರೆ ಮಗು ಕಳೆದುಕೊಂಡ ತಾಯಿಯ ಮುಂದೆ ಹೋಗಿ ಕಾಲಿಗೆ ಬಿದ್ದರೆ ಅವಳು ಏನು ಮಾಡಬೇಕು? ಕ್ಷಮಿಸಬೇಕು, ಇಲ್ಲ ಕ್ಷಮಿಸದೆ ಇರಬೇಕು. ಎರಡೂ ಅವಳಿಗೆ ಹೊಸ ಹೊರೆ. ನಮ್ಮ ಹೊರೆ ಇಳಿಸಲು ಅವಳ ಬೆನ್ನು ಬೇಕಾ? ಇದನ್ನು ನಾನು ಇವತ್ತಿಗೂ ಗಟ್ಟಿಯಾಗಿಯೇ ಹೇಳುತ್ತೇನೆ.

ಬದಲಿಗೆ ಕೇಳಿದೆ, "ನಿಮ್ಮ ಎರಡು ಬೀಜಕ್ಕೆ ಏನಾದರೂ ಕೆಲಸ ಕೊಡೋಣವಾ? ಡ್ರೈವರ್ ಮನೆಗೆ ಪರಿಹಾರ ಬಂತಾ?"

"ತಪ್ಪು ಅವನದ್ದೇ ಅಂತ ಆಗಿದೆಯಲ್ಲ, ಅವರಿಗೆ ಎಲ್ಲಿಂದ ಬರುತ್ತೆ?" ಎಂದರು. ಆ ಹೆಂಗಸಿಗೂ ಜನ ಹಾಗೇ ಹೇಳಿದ್ದರಂತೆ.

ಇದು ತಪ್ಪು ತಿಳಿವಳಿಕೆ. ಓದುವವರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಬಹುದು ಅಂತ ಬಿಡಿಸಿ ಬರೆಯುತ್ತೇನೆ. ಕೆಲಸದ ವೇಳೆಯ ಅಪಘಾತದಲ್ಲಿ ನೌಕರ ಸತ್ತರೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಡಿ ಅವನ ಕುಟುಂಬಕ್ಕೆ ಪರಿಹಾರ ಕೇಳುವ ಹಕ್ಕಿತ್ತು. ಅವನದ್ದೇ ನಿರ್ಲಕ್ಷ್ಯ ಎಂದು ಹೇಳಿ ಸಾವಿನ ಪರಿಹಾರವನ್ನು ತಪ್ಪಿಸುವಂತಿರಲಿಲ್ಲ. ಸಾವಾದ 2 ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ. ಆಗ ಅಪಘಾತವಾಗಿ 15 ತಿಂಗಳಾಗಿತ್ತು.

ಇದನ್ನು ತಿಳಿಸಲು ಡ್ರೈವರ್ ಮನೆಗೆ ಹೇಗೆ ಹೋಗಬೇಕು ಎಂದೂ ಹೇಳಿದೆ. ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ. ಬಾಗಿಲಲ್ಲಿ ನಿಂತು ಕೇಳಿ, ಬರಬಹುದಾ ಅಂತ. ಬೇಡ ಅಂದರೆ ವಾಪಸ್ ಬನ್ನಿ. ಕ್ಷಮೆ ಕೇಳಿ ಅವಳಿಂದ ಮಾತು ಹೊರಡಿಸಬೇಡಿ. ಬಸ್ಸಿನಲ್ಲಿ ನೀವು ಅಂದದ್ದನ್ನು ಅವಳಿಗೆ ಮಾತ್ರ ಹೇಳಿ. ಐವತ್ತೂ ಬೀಜವನ್ನು ಅವಳ ಗಂಡ ಹೊತ್ತಿದ್ದಾನೆ. ಅದರಲ್ಲಿ ನಿಮ್ಮ ಎರಡನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೀರಿ, ಅಷ್ಟೆ.

ಅವರು ಎದ್ದು, "ಇವೆರಡು ನಾನು ತಗೊಂಡು ಹೋಗ್ಲಾ ಮೇಡಂ?" ಎಂದು ಬೀಜಗಳನ್ನು ಜೇಬಿಗೆ ಹಾಕಿಕೊಂಡರು.

ಮೊದಲ ಸಲ ಆ ಮನೆಯವರು ಬಾಗಿಲು ತೆಗೆಯಲಿಲ್ಲ. ಎರಡನೇ ಸಲ ಡ್ರೈವರ್ ತಾಯಿ ಜಗಲಿಯಲ್ಲಿ ಕೂರಿಸಿದರು. ಮಾತು ಹೇಳಿದಾಗ ಹೆಂಡತಿ ಎದ್ದು ಒಳಗೆ ಹೋದಳಂತೆ. ಅರ್ಧ ಗಂಟೆ ಬರಲಿಲ್ಲ. ಬಂದವಳು ಕೇಳಿದ್ದು ಒಂದೇ ಪ್ರಶ್ನೆ: "ಅವರು ನಕ್ಕರಾ?" ಹೌದು, ನಕ್ಕರು ಎಂದರು ಇವರು.

ಎರಡನೇ ವರ್ಷದ ತಿಥಿಗೆ ಫ್ಲೆಕ್ಸ್‌ನಲ್ಲಿ ಒಂಬತ್ತನೇ ಫೋಟೋ ಹಾಕೋಣ ಎಂದು ಊರಿನ ಸಭೆಯಲ್ಲಿ ಕೇಳಿದರು. ಎರಡು ಮನೆಯವರು ಎದ್ದು ಹೋದರು. ಫೋಟೋ ಹಾಕಲಿಲ್ಲ. ಆ ಎರಡು ಮನೆಯವರನ್ನು ನಾನು ದೂರುವುದಿಲ್ಲ. ಅವರ ದುಃಖಕ್ಕೆ ಇನ್ನೂ ಸಮಯ ಬೇಕು. ಅದಕ್ಕೆ ಗಡುವು ಹಾಕಲು ನನಗಾಗಲಿ ಟೈಲರ್‌ಗಾಗಲಿ ಹಕ್ಕಿಲ್ಲ.

ಇಂಥ ಮಾತೊಂದನ್ನು ಒಳಗೇ ಇಟ್ಟುಕೊಂಡವರು ನಿಮ್ಮ ಮನೆಯಲ್ಲಿದ್ದರೆ ಸಮಾಧಾನ ಹೇಳುವ ಮೊದಲು ಪೂರ್ತಿ ಕೇಳಿ. ತಿಂಗಳು ಕಳೆದರೂ ನಿದ್ದೆ ಬರದಿದ್ದರೆ, ಅದೇ ದೃಶ್ಯ ಕಣ್ಣ ಮುಂದೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಡ್ರೈವರ್ ಹೆಂಡತಿಯ ಅರ್ಜಿ ಗಡುವಿಗೆ ಎರಡು ತಿಂಗಳು ಇರುವಾಗ ಸಲ್ಲಿಕೆಯಾಯಿತು. ವಿಚಾರಣೆ ಇನ್ನೂ ನಡೆಯುತ್ತಿದೆ. ತಾರೀಕು ಇದ್ದ ದಿನ ಟೈಲರ್ ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತಾರೆ. ಅದೇ ಕೆರೆ ಏರಿ, ಅದೇ ತಿರುವು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಇವರು ಹಿಂದೆ. ಮಾತು ಕಡಿಮೆ. ಇಳಿಯುವಾಗ ಅವಳು ಕಾಗದಗಳ ಚೀಲವನ್ನು ಇವರ ಕೈಗೆ ಕೊಡುತ್ತಾಳಂತೆ.